ಇಲಿಯ ಬಾಲದ ಹುರುಪೆ

1929ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ತಮ್ಮ ಇಲಿಗಳಿಗೆ ಹಾಕುತ್ತಿದ್ದ ಆಹಾರದಲ್ಲಿ ಸಕ್ಕರೆಯಿತ್ತು, ಜಿಡ್ಡಿನಂಶವೆಲ್ಲ ಹೋಗುವಂತೆ ತೊಳೆದ ಕೇಸೀನ್ ಎಂಬ ಹಾಲಿನ ಪ್ರೋಟೀನ್ ಇತ್ತು, ಲವಣಗಳಿದ್ದವು, ಆಗ ಗೊತ್ತಿದ್ದ ವಿಟಮಿನ್‌ಗಳಿದ್ದವು. ಕೊಬ್ಬು ಮಾತ್ರ ಎಳ್ಳಷ್ಟೂ ಇರಲಿಲ್ಲ. ಅಂದಿನ ಪಠ್ಯಪುಸ್ತಕಗಳ ಪ್ರಕಾರ ಇಲಿಗಳಿಗೆ ಏನೂ ಆಗಬಾರದಿತ್ತು. ಕೊಬ್ಬು ಎಂದರೆ ಬರೀ ಉರುವಲು, ಹೆಚ್ಚೆಂದರೆ ಎ, ಡಿ ವಿಟಮಿನ್‌ಗಳನ್ನು ಹೊತ್ತು ತರುವ ವಾಹನ. ಬೇಕಾದ ಕೊಬ್ಬನ್ನು ದೇಹ ಸಕ್ಕರೆಯಿಂದಲೇ ಮಾಡಿಕೊಳ್ಳುತ್ತದೆ ಎಂಬುದು ಎಲ್ಲರೂ ಒಪ್ಪಿದ್ದ ಮಾತು.

ಇಲಿಗಳು ಆ ಮಾತನ್ನು ಒಪ್ಪಲಿಲ್ಲ. ಅವುಗಳ ಬಾಲದ ಮೇಲೆ ಹುರುಪೆ ಏಳತೊಡಗಿತು. ಬಾಲ ಬಿರುಕು ಬಿಟ್ಟು, ತುದಿ ಊದಿಕೊಂಡು, ಕೆಲವುಗಳಲ್ಲಿ ಕೊಳೆತೇ ಹೋಯಿತು. ಹಿಂಗಾಲುಗಳ ಚರ್ಮ ಕೆಂಪಾಗಿ ಹೊಟ್ಟೇಳುತ್ತಿತ್ತು, ಕೂದಲು ಉದುರುತ್ತಿತ್ತು, ಬೆಳವಣಿಗೆ ನಿಂತಿತ್ತು. ಇಷ್ಟೇ ಆಗಿದ್ದರೆ ಇನ್ನೊಂದು ಹೊಸ ವಿಟಮಿನ್ ಕೊರತೆ ಎಂದು ಕೈಬಿಡಬಹುದಿತ್ತೇನೋ. ಆದರೆ ದಂಪತಿಯ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಈ ಇಲಿಗಳು ಉಳಿದವಕ್ಕಿಂತ ಬಹಳ ಹೆಚ್ಚು ನೀರು ಕುಡಿಯುತ್ತಿದ್ದವು. ಆದರೆ ಕುಡಿದ ನೀರಿಗೆ ತಕ್ಕಷ್ಟು ಮೂತ್ರ ಹೋಗುತ್ತಿರಲಿಲ್ಲ. ಕುಡಿದದ್ದು ಎಲ್ಲಿ ಹೋಯಿತು? ಮುಂದಿನ ದಶಕಗಳು ಕೊಟ್ಟ ಉತ್ತರ: ಚರ್ಮದ ಮೂಲಕ ಆವಿಯಾಗಿ. ಹುರುಪೆ ಎದ್ದ ಆ ಚರ್ಮ ನೋಡಲು ದಪ್ಪಗಾಗಿದ್ದರೂ ನೀರನ್ನು ತಡೆಯುವ ಶಕ್ತಿ ಕಳೆದುಕೊಂಡಿತ್ತು.

ಹಂದಿಕೊಬ್ಬಿನ ಕೆಲವೇ ಹನಿ ಕೊಟ್ಟರೆ ಇಲಿಗಳು ಚೇತರಿಸಿಕೊಳ್ಳುತ್ತಿದ್ದವು. ಆ ಹನಿಯಲ್ಲಿ ಕೆಲಸ ಮಾಡುತ್ತಿದ್ದ ವಸ್ತು ಲಿನೋಲಿಯಿಕ್ ಆಮ್ಲ ಎಂದು 1930ರ ಪ್ರಬಂಧದಲ್ಲಿ ಅವರು ತೋರಿಸಿದರು. ಹದಿನೆಂಟು ಇಂಗಾಲದ ಪರಮಾಣುಗಳ ಸರಪಳಿ, ಅದರಲ್ಲಿ ಎರಡು ಕಡೆ ಜೋಡಿಬಂಧ. ನಮ್ಮ ದೇಹವೂ ಕೊಬ್ಬಿನಾಮ್ಲದಲ್ಲಿ ಜೋಡಿಬಂಧ ಹಾಕಬಲ್ಲದು, ಆದರೆ ಒಂಬತ್ತನೆಯ ಇಂಗಾಲದವರೆಗೆ ಮಾತ್ರ. ಹನ್ನೆರಡನೆಯದರಲ್ಲಿ ಹಾಕುವ ಕಿಣ್ವ ಸಸ್ಯಗಳಲ್ಲಿದೆ, ನಮ್ಮಲ್ಲಿಲ್ಲ. ಆದ್ದರಿಂದ ಲಿನೋಲಿಯಿಕ್ ಆಮ್ಲವನ್ನು ನಾವು ತಿಂದೇ ಪಡೆಯಬೇಕು. ‘ಅತ್ಯಗತ್ಯ ಕೊಬ್ಬಿನಾಮ್ಲ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ.

ಹಾಗೆಂದು ಜಗತ್ತು ತಕ್ಷಣ ತಲೆದೂಗಲಿಲ್ಲ. ಇಲಿಯ ಕತೆ ಮನುಷ್ಯನಿಗೆ ಹೊಂದುತ್ತದೆಯೇ ಎಂದು ನೋಡಲು ಅದೇ ಮಿನ್ನೆಸೋಟದ ಜೀವರಸಾಯನ ವಿಜ್ಞಾನಿ ವಿಲಿಯಂ ಬ್ರೌನ್ ತಾವೇ ಆರು ತಿಂಗಳು ಕೊಬ್ಬಿಲ್ಲದ ಊಟ ಮಾಡಿದರು. ರಕ್ತದಲ್ಲಿ ಲಿನೋಲಿಯಿಕ್ ಆಮ್ಲ ಇಳಿಯಿತು. ಚರ್ಮಕ್ಕೆ ಏನೂ ಆಗಲಿಲ್ಲ. ಬದಲಿಗೆ, ಬಹಳ ಕಾಲದಿಂದ ಕಾಡುತ್ತಿದ್ದ ಮೈಗ್ರೇನ್ ತಲೆನೋವು ಬಿಟ್ಟುಹೋಯಿತು! 1938ರಲ್ಲಿ ಪ್ರಕಟವಾದ ಈ ಫಲಿತಾಂಶ ಓದಿದವರು ‘ಮನುಷ್ಯನಿಗೆ ಇದು ಬೇಕಿಲ್ಲ’ ಎಂದು ತೀರ್ಮಾನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಇಂದು ನೋಡಿದರೆ ಆ ಪ್ರಯೋಗದ ಸೋಲು ಎಲ್ಲಿತ್ತೆಂದು ಗೊತ್ತಾಗುತ್ತದೆ. ವಯಸ್ಕನ ಮೈಕೊಬ್ಬಿನಲ್ಲಿ ತಿಂಗಳುಗಟ್ಟಲೆ ಸಾಲುವಷ್ಟು ಲಿನೋಲಿಯಿಕ್ ಆಮ್ಲದ ದಾಸ್ತಾನು ಇರುತ್ತದೆ. ಊಟ ಊಟದ ನಡುವೆ ಆ ದಾಸ್ತಾನು ಸ್ವಲ್ಪ ಸ್ವಲ್ಪವೇ ಕರಗಿ ರಕ್ತಕ್ಕೆ ಇಳಿಯುತ್ತಿರುತ್ತದೆ. ಒಬ್ಬನೇ ಮನುಷ್ಯನ ಮೇಲೆ, ಆರೇ ತಿಂಗಳು ನಡೆದ ಪ್ರಯೋಗವೊಂದು ಒಂದು ಇಡೀ ಕ್ಷೇತ್ರವನ್ನು ಇಷ್ಟು ಕಾಲ ಹಿಂದಕ್ಕೆ ಎಳೆದದ್ದು ಕಡಿಮೆ.

ದಾಸ್ತಾನು ಇಲ್ಲದವರಲ್ಲಿ ಕತೆ ಬೇರೆಯಾಗಿತ್ತು. ಆರಿಲ್ಡ್ ಹ್ಯಾನ್ಸೆನ್ ಮತ್ತು ಸಂಗಡಿಗರು 428 ಶಿಶುಗಳಿಗೆ ಬೇರೆ ಬೇರೆ ಪ್ರಮಾಣದ ಕೊಬ್ಬಿರುವ ಹಾಲಿನ ಮಿಶ್ರಣ ಕುಡಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಇಂದಾದರೆ ಯಾವ ನೈತಿಕ ಸಮಿತಿಯೂ ಇದಕ್ಕೆ ಸಹಿ ಹಾಕಲಾರದು. ಲಿನೋಲಿಯಿಕ್ ಆಮ್ಲ ಹೆಚ್ಚುಕಡಿಮೆ ಇಲ್ಲದ ಹಾಲು ಕುಡಿದ ಕೂಸುಗಳ ಚರ್ಮ ಒಣಗಿ, ದಪ್ಪಗಾಗಿ, ಹೊಟ್ಟೆದ್ದಿತು. ಮುಂದೆ, ಕರುಳು ಕೆಲಸ ಮಾಡದ ರೋಗಿಗಳಿಗೆ ಇಡೀ ಆಹಾರವನ್ನು ರಕ್ತನಾಳದ ಮೂಲಕವೇ ಹನಿಸುವ ಪದ್ಧತಿ ಬಂತು. ಹಲವು ಕಡೆ ಆ ಡ್ರಿಪ್‌ನಲ್ಲಿ ಕೊಬ್ಬು ಇರಲಿಲ್ಲ. ಹಗಲಿರುಳು ಗ್ಲೂಕೋಸ್ ಹರಿಯುತ್ತಿದ್ದರೆ ಇನ್ಸುಲಿನ್ ಸದಾ ಏರಿಯೇ ಇರುತ್ತದೆ. ಇನ್ಸುಲಿನ್ ಏರಿದ್ದರೆ ಮೈಕೊಬ್ಬು ಕರಗುವುದಿಲ್ಲ. ದಾಸ್ತಾನು ಇದ್ದೂ ಇಲ್ಲದ ಹಾಗಾಯಿತು. ಕೆಲವೇ ವಾರಗಳಲ್ಲಿ ವಯಸ್ಕರ ಚರ್ಮವೂ ಹೊಟ್ಟೇಳುತ್ತಿತ್ತು. ಬ್ರೌನ್ ಆರು ತಿಂಗಳಲ್ಲಿ ಕಾಣದ್ದು ಇಲ್ಲಿ ಆಸ್ಪತ್ರೆಯ ಹಾಸಿಗೆಗಳ ಮೇಲೆ ಕಂಡಿತು.

1974ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪುಟ್ಟ ವರದಿಯೊಂದು ನನಗೆ ಬಹಳ ಇಷ್ಟ. ಇಂಥ ಕೊರತೆಯಿರುವ ರೋಗಿಗಳ ಮೈಗೆ ಪ್ರೆಸ್, ಹಾರ್ಟಾಪ್ ಮತ್ತು ಪ್ರೊಟ್ಟಿ ಎಂಬ ಮೂವರು ಸಂಶೋಧಕರು ಸೂರ್ಯಕಾಂತಿ ಎಣ್ಣೆ ಸವರಿಸಿದರು. ತಿನ್ನಿಸಲಿಲ್ಲ, ಬರೀ ಸವರಿಸಿದರು. ಕೊರತೆ ನೀಗಿತು. ಹೊರಗಿನಿಂದ ಹಚ್ಚಿದ ಎಣ್ಣೆ ಚರ್ಮದ ಜೀವಕೋಶಗಳ ಒಳಗಿನ ವ್ಯವಹಾರಕ್ಕೆ ಸೇರಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಆ ವ್ಯವಹಾರ ಏನು? ಒಂದೇ ಒಂದು ಕೊಬ್ಬಿನಾಮ್ಲ ಇಲ್ಲದಿದ್ದರೆ ಇಡೀ ಹೊರಚರ್ಮ ಕೆಡುವುದೇಕೆ? ಇದಕ್ಕೆ ಪೂರ್ತಿ ಉತ್ತರ ಸಿಗಲು ಇನ್ನೂ ನಾಲ್ಕು ದಶಕ ಬೇಕಾಯಿತು.

ಉತ್ತರ ತಿಳಿಯಬೇಕಾದರೆ ಚರ್ಮದ ಜೀವಕೋಶ ಹೇಗೆ ಬೆಳೆಯುತ್ತದೆ, ಅಂದರೆ ಹೇಗೆ ಸಾಯುತ್ತದೆ, ನೋಡಬೇಕು. ಹೊರಚರ್ಮ ಬಹುತೇಕ ಕೆರಟಿನೋಸೈಟ್ ಎಂಬ ಒಂದೇ ಬಗೆಯ ಜೀವಕೋಶದಿಂದಾದದ್ದು. ಮೈಯ ಹೆಚ್ಚಿನ ಭಾಗದಲ್ಲಿ ಅದರ ದಪ್ಪ ಸುಮಾರು 0.1 ಮಿಲಿಮೀಟರ್. ಅದರಲ್ಲಿ ರಕ್ತನಾಳಗಳಿಲ್ಲ. ತಳದ ಸಾಲಿನ ಕೋಶಗಳು ಒಡೆದು ಎರಡಾಗುತ್ತಲೇ ಇರುತ್ತವೆ. ಹಾಗೆ ಹುಟ್ಟಿದ ಕೋಶ ತಳವನ್ನು ಬಿಟ್ಟು ಮೇಲಕ್ಕೆ ಹೊರಟಿತೆಂದರೆ ಮತ್ತೆ ಒಡೆಯುವುದಿಲ್ಲ. ಮೊದಲು ತನ್ನ ಕೆರಟಿನ್ ಎಳೆಗಳ ಬಗೆಯನ್ನೇ ಬದಲಿಸುತ್ತದೆ: ತಳದಲ್ಲಿದ್ದಾಗ 5 ಮತ್ತು 14ನೇ ನಂಬರಿನ ಕೆರಟಿನ್, ಮೇಲೆ ಬಂದಾಗ 1 ಮತ್ತು 10. ಸುತ್ತಲಿನ ಕ್ಯಾಲ್ಸಿಯಂ ಹೆಚ್ಚುತ್ತ ಹೋದಂತೆ ಅದರ ನಡವಳಿಕೆ ಮಾಗುತ್ತದೆ. ಸುಮಾರು ಎರಡು ವಾರದಲ್ಲಿ ಕಣಪದರ ಎಂಬ ಮಟ್ಟಕ್ಕೆ ಏರಿ, ಅಲ್ಲಿ ಕೋಶಕೇಂದ್ರವನ್ನು ಕಳೆದುಕೊಂಡು, ಚಪ್ಪಟೆಯಾಗಿ, ಸತ್ತು, ಕೊಂಬುಪದರವನ್ನು ಸೇರುತ್ತದೆ. ಅಲ್ಲಿ ಇನ್ನೆರಡು ವಾರ ಇದ್ದು ಉದುರುತ್ತದೆ. ಸ್ನಾನದ ಹೊತ್ತಿಗೆ ಮೈಯುಜ್ಜಿದಾಗ ಬರುವ ಕೊಳೆಯಲ್ಲಿ ಬಹುಪಾಲು ಇದೇ.

ಸಾವಿಗೆ ಸ್ವಲ್ಪ ಮುಂಚೆ, ಕಣಪದರದಲ್ಲಿ, ಈ ಕೋಶ ಕೊಬ್ಬು ತಯಾರಿಕೆಯಲ್ಲಿ ಮುಳುಗಿಹೋಗುತ್ತದೆ. ತನ್ನಲ್ಲೇ ಕೊಬ್ಬಿನಾಮ್ಲ ಕಟ್ಟುತ್ತದೆ, ಕೊಲೆಸ್ಟೆರಾಲ್ ಕಟ್ಟುತ್ತದೆ, ಲಿನೋಲಿಯಿಕ್ ಆಮ್ಲವನ್ನು ಕೆಳಗಿನ ರಕ್ತದಿಂದ ತರಿಸಿಕೊಳ್ಳುತ್ತದೆ. ಮಾಡಿದ್ದನ್ನೆಲ್ಲ ಲ್ಯಾಮೆಲ್ಲರ್ ಕಾಯಗಳೆಂಬ ಪುಟ್ಟ ಚೀಲಗಳಿಗೆ ತುಂಬುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಚೀಲಗಳೊಳಗೆ ಒತ್ತಾಗಿ ಜೋಡಿಸಿದ ತೆಳುಪದರಗಳು ಕಾಣುತ್ತವೆ. 1960ರಲ್ಲಿ ಇವನ್ನು ವಿವರಿಸಿದ ಜಾರ್ಜ್ ಓಡ್ಲಂಡ್ ಹೆಸರಿನಲ್ಲೂ ಕರೆಯುತ್ತಾರೆ. ಕೋಶ ಸಾಯುವ ಹೊತ್ತಿಗೆ ಚೀಲಗಳು ಅದರ ಮೇಲಂಚಿಗೆ ಬಂದು ಒಳಗಿದ್ದುದನ್ನೆಲ್ಲ ಹೊರಗೆ ಸುರಿಯುತ್ತವೆ. ಜೊತೆಗೆ ಕೆಲವು ಕಿಣ್ವಗಳೂ ಬೀಳುತ್ತವೆ. ಅವು ಹೊರಗೆ ಬಂದ ಕಚ್ಚಾ ಕೊಬ್ಬನ್ನು ಕತ್ತರಿಸಿ ಸೆರಮೈಡ್, ಕೊಲೆಸ್ಟೆರಾಲ್, ಬಿಡಿ ಕೊಬ್ಬಿನಾಮ್ಲ ಎಂಬ ಮೂರು ಮುಖ್ಯ ವಸ್ತುಗಳಾಗಿ ಹದಗೊಳಿಸುತ್ತವೆ. ಬಿಡಿ ಕೊಬ್ಬಿನಾಮ್ಲಗಳಿಂದಾಗಿ ಚರ್ಮದ ಮೇಲ್ಮೈ ತುಸು ಹುಳಿಯಾಗಿಯೂ ಇರುತ್ತದೆ, ಪಿಎಚ್ 5ರ ಆಸುಪಾಸು. ಹಲವು ರೋಗಾಣುಗಳಿಗೆ ಈ ಹುಳಿ ಹಿಡಿಸುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದ ಚರ್ಮವಿಜ್ಞಾನಿ ಪೀಟರ್ ಇಲಾಯಸ್ ಇದನ್ನು ಇಟ್ಟಿಗೆ ಮತ್ತು ಗಾರೆಗೆ ಹೋಲಿಸಿದರು. ಸತ್ತ ಕೋಶಗಳು ಇಟ್ಟಿಗೆ, ನಡುವಿನ ಕೊಬ್ಬಿನ ಪದರಗಳು ಗಾರೆ. ಇಟ್ಟಿಗೆ ಎಷ್ಟೇ ಗಟ್ಟಿಯಿರಲಿ, ನೀರನ್ನು ತಡೆಯುವುದು ಗಾರೆಯೇ. ಈ ಹೋಲಿಕೆಯಲ್ಲಿ ನನ್ನದೊಂದು ತಕರಾರಿದೆ: ಮನೆ ಕಟ್ಟುವಾಗ ಗಾರೆ ಬೇರೆ ಕಡೆಯಿಂದ ಬರುತ್ತದೆ, ಇಲ್ಲಿ ಪ್ರತಿ ಇಟ್ಟಿಗೆಯೂ ಸಾಯುವ ಮೊದಲು ತನ್ನ ಪಾಲಿನ ಗಾರೆಯನ್ನು ತಾನೇ ಕಲಸಿಟ್ಟು ಹೋಗುತ್ತದೆ. ಹಾಗಾಗಿ ಕೊಬ್ಬಿನ ಲೆಕ್ಕ ತಪ್ಪಿದರೆ ಗಾರೆಯೊಂದೇ ಕೆಡುವುದಿಲ್ಲ, ಕೋಶ ಮಾಗುವ ಕ್ರಮವೂ ಕೆಡುತ್ತದೆ.

ಗಾರೆ ಖಾಲಿಯಾದದ್ದು ಕೋಶಕ್ಕೆ ತಿಳಿಯುವುದು ಹೇಗೆ? ಇಲಾಯಸ್ ಮತ್ತು ಕೆನೆತ್ ಫೈನ್‌ಗೋಲ್ಡ್ ತಂಡ ಇಲಿಗಳ ಚರ್ಮದಿಂದ ಅಸಿಟೋನ್ ಬಳಸಿ ಕೊಬ್ಬನ್ನು ಒರೆಸಿ ತೆಗೆದು ನೋಡಿತು. ಕಣಪದರದ ಕೋಶಗಳು ನಿಮಿಷಗಳೊಳಗೆ ಕೈಯಲ್ಲಿದ್ದ ಚೀಲಗಳನ್ನೆಲ್ಲ ಹೊರಗೆ ಸುರಿದುಬಿಟ್ಟವು, ಆಮೇಲೆ ಹೊಸ ಕೊಬ್ಬಿನಾಮ್ಲ ಮತ್ತು ಕೊಲೆಸ್ಟೆರಾಲ್ ತಯಾರಿಕೆಗೆ ಇಳಿದವು. ಒಂದೆರಡು ದಿನಗಳಲ್ಲಿ ತಡೆ ಮೊದಲಿನಂತಾಯಿತು. ಅದೇ ಜಾಗವನ್ನು ಒರೆಸಿದ ತಕ್ಷಣ ನೀರಾವಿ ದಾಟದ ಹಾಳೆಯಿಂದ ಮುಚ್ಚಿಟ್ಟರೆ? ಕೊಬ್ಬಿನ ತಯಾರಿಕೆ ಏರಲೇ ಇಲ್ಲ. ನೀರು ಹೊರಗೆ ಹೋಗುವುದೇ ದುರಸ್ತಿಗೆ ಕರೆ ಎಂಬುದು ಇದರಿಂದ ಗೊತ್ತಾಯಿತು. ಕೊಬ್ಬಿನಾಮ್ಲ ಕಟ್ಟುವ ಮೊದಲ ಕಿಣ್ವವನ್ನು ತಡೆಯುವ ಔಷಧಿ ಸವರಿದಾಗಲೂ ದುರಸ್ತಿ ನಿಧಾನವಾಯಿತು. ಹೊರಚರ್ಮ ತನಗೆ ಬೇಕಾದ ಬಹುಪಾಲು ಕೊಬ್ಬನ್ನು ಸ್ಥಳದಲ್ಲೇ ಮಾಡಿಕೊಳ್ಳುತ್ತದೆ, ಊಟದ ಕೊಬ್ಬಿಗಾಗಿ ಕಾದು ಕೂರುವುದಿಲ್ಲ. ಲಿನೋಲಿಯಿಕ್ ಆಮ್ಲದ ವಿಷಯದಲ್ಲಿ ಮಾತ್ರ ಅದು ಪರಾಧೀನ.

ಈಗ ಆ ಒಂದು ಆಮ್ಲದ ದಾರಿಯನ್ನು ಹತ್ತಿರದಿಂದ ನೋಡೋಣ. ಹೆಸರುಗಳು ಸ್ವಲ್ಪ ಗಂಟಲಿಗೆ ಸಿಗುತ್ತವೆ, ಆದರೆ ದಾರಿ ಸ್ವಾರಸ್ಯವಾಗಿದೆ.

ನಮ್ಮ ದೇಹದ ಸಾಮಾನ್ಯ ಕೊಬ್ಬಿನಾಮ್ಲಗಳಲ್ಲಿ ಹದಿನಾರೋ ಹದಿನೆಂಟೋ ಇಂಗಾಲಗಳು. ಕಣಪದರದ ಕೋಶ ಅಷ್ಟಕ್ಕೆ ನಿಲ್ಲುವುದಿಲ್ಲ. ಎಲೋವ್ಲ್-1, ಎಲೋವ್ಲ್-4 ಎಂಬ ಕಿಣ್ವಗಳು ಸರಪಳಿಗೆ ಎರಡೆರಡು ಇಂಗಾಲ ಸೇರಿಸುತ್ತ ಹೋಗಿ ಮೂವತ್ತು, ಮೂವತ್ತೆರಡು, ಮೂವತ್ತನಾಲ್ಕಕ್ಕೆ ಮುಟ್ಟಿಸುತ್ತವೆ. ಇಷ್ಟುದ್ದದ ಕೊಬ್ಬಿನಾಮ್ಲ ಸಿಗುವುದು ಚರ್ಮ, ಕಣ್ಣಿನ ಅಕ್ಷಿಪಟ, ಮಿದುಳು, ವೀರ್ಯಾಣು ಮುಂತಾದ ಕೆಲವೇ ಕಡೆ. ಅದರ ಬಾಲದ ತುದಿಗೆ ಇನ್ನೊಂದು ಕಿಣ್ವ ಆಮ್ಲಜನಕದ ಕೊಂಡಿ ಹಾಕುತ್ತದೆ. ತಲೆಯ ಕಡೆಯನ್ನು ಮತ್ತೊಂದು ಕಿಣ್ವ ಸೆರಮೈಡ್ ಆಗಿ ಪರಿವರ್ತಿಸುತ್ತದೆ. ಆಗ ಬರುತ್ತದೆ ಪಿಎನ್‌ಪಿಎಲ್‌ಎ-1 ಎಂಬ ಕಿಣ್ವ. ಕೋಶದೊಳಗಿನ ಕೊಬ್ಬಿನ ಹನಿಯಿಂದ ಲಿನೋಲಿಯಿಕ್ ಆಮ್ಲವನ್ನು ಕಿತ್ತು ಅದನ್ನು ಈ ಉದ್ದ ಬಾಲದ ಕೊಂಡಿಗೆ ಸಿಕ್ಕಿಸುವುದು ಇದರ ಕೆಲಸ. ಅಸೈಲ್‌ಸೆರಮೈಡ್ ಸಿದ್ಧವಾಯಿತು. ಅದನ್ನು ಎಬಿಸಿಎ-12 ಎಂಬ ಸಾಗಣೆ ಪ್ರೋಟೀನ್‌ನ ನೆರವಿನಿಂದ ಚೀಲಗಳಿಗೆ ತುಂಬಲಾಗುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಸಿಕ್ಕಿಸಿದ ಲಿನೋಲಿಯಿಕ್ ಆಮ್ಲವನ್ನು ಕೋಶ ಆಮೇಲೆ ಕೆಡಿಸುತ್ತದೆ! ಚರ್ಮದ್ದೇ ಆದ ಎರಡು ಲಿಪಾಕ್ಸಿಜನೇಸ್ ಕಿಣ್ವಗಳು, ಒಂದರ ಹಿಂದೆ ಒಂದು, ಅದನ್ನು ಉತ್ಕರ್ಷಿಸುತ್ತವೆ. ಮೂರನೆಯ ಕಿಣ್ವವೊಂದು ಮತ್ತೂ ಒಂದು ಹೆಜ್ಜೆ ಮುಂದೊಯ್ಯುತ್ತದೆ. ಯಾಕೆ? ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಅಲನ್ ಬ್ರಾಶ್ ಮತ್ತು ಸಂಗಡಿಗರು 2011ರಲ್ಲಿ ಒಂದು ವಿವರಣೆ ಮುಂದಿಟ್ಟರು. ಉತ್ಕರ್ಷಿತವಾದ ಲಿನೋಲಿಯಿಕ್ ಆಮ್ಲವನ್ನು ಕತ್ತರಿಸುವುದು ಸುಲಭ. ಕತ್ತರಿಸಿ ತೆಗೆದಾಗ ಬಾಲದ ಕೊಂಡಿ ತೆರವಾಗುತ್ತದೆ. ಆ ಕೊಂಡಿಯಿಂದಲೇ ಸೆರಮೈಡ್ ಸತ್ತ ಕೋಶದ ಪ್ರೋಟೀನ್ ಕವಚಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೀಗೆ ಪ್ರತಿ ಇಟ್ಟಿಗೆಯ ಮೈಮೇಲೂ ರಾಸಾಯನಿಕವಾಗಿ ಬೆಸೆದ ಒಂದು ಕೊಬ್ಬಿನ ಹೊದಿಕೆ ಏಳುತ್ತದೆ. ಗಾರೆ ಕೂರುವುದು ಅದರ ಮೇಲೆ. ಕತ್ತರಿಸದೆಯೇ, ಉತ್ಕರ್ಷಿತ ತುದಿಯೇ ನೇರವಾಗಿ ಪ್ರೋಟೀನ್‌ಗೆ ಅಂಟುತ್ತದೆ ಎಂಬ ಇನ್ನೊಂದು ವಾದವೂ ಈಚೆಗೆ ಬಲವಾಗಿದೆ. ಎರಡರಲ್ಲಿ ಯಾವುದು ನಿಜವಾದರೂ ಲಿನೋಲಿಯಿಕ್ ಆಮ್ಲವೇ ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು.

ಕೊರತೆಯಿದ್ದಾಗ ಕೋಶ ಸುಮ್ಮನೆ ಕೂರುವುದಿಲ್ಲ. ಲಿನೋಲಿಯಿಕ್ ಜಾಗದಲ್ಲಿ ತಾನೇ ಮಾಡಿಕೊಳ್ಳಬಲ್ಲ ಓಲಿಯಿಕ್ ಆಮ್ಲವನ್ನು ಸಿಕ್ಕಿಸುತ್ತದೆ. ಅದೂ ಹದಿನೆಂಟು ಇಂಗಾಲದ್ದೇ. ಜೋಡಿಬಂಧ ಮಾತ್ರ ಒಂದು. ಲಿಪಾಕ್ಸಿಜನೇಸ್‌ಗೆ ಎರಡು ಜೋಡಿಬಂಧ, ನಡುವೆ ಒಂದು ಇಂಗಾಲ, ಈ ಜೋಡಣೆಯೇ ಬೇಕು. ಓಲಿಯಿಕ್ ಆಮ್ಲವನ್ನು ಅದು ಮುಟ್ಟುವುದಿಲ್ಲ. ಸಾಲು ಅಲ್ಲಿಗೇ ನಿಲ್ಲುತ್ತದೆ. ಹೊದಿಕೆ ಏಳುವುದಿಲ್ಲ, ಗಾರೆ ನಿಲ್ಲುವುದಿಲ್ಲ, ನೀರು ಸೋರುತ್ತದೆ. ಸೋರಿಕೆಯ ಕರೆ ಕೇಳಿ ತಳದ ಕೋಶಗಳು ಇನ್ನೂ ವೇಗವಾಗಿ ಒಡೆಯುತ್ತವೆ, ಅರ್ಧಂಬರ್ಧ ಮಾಗಿದವು ಮೇಲೆ ಬಂದು ಅಂಟಿಕೊಂಡು ಕೂರುತ್ತವೆ. ಬರ್ ದಂಪತಿಯ ಇಲಿಗಳ ಬಾಲದ ಮೇಲೆ ಕಂಡ ಹುರುಪೆ ಇದೇ: ಅವಸರದಲ್ಲಿ ಹುಟ್ಟಿದ, ಸರಿಯಾಗಿ ಸಾಯಲಾಗದ ಕೋಶಗಳ ರಾಶಿ.

ಈ ದಾರಿಯ ಒಂದೊಂದು ಹೆಜ್ಜೆಯೂ ನಮಗೆ ತಿಳಿದದ್ದು ಹೆಚ್ಚಾಗಿ ಮಕ್ಕಳಿಂದ. ಇಕ್ಥಿಯೋಸಿಸ್ ಎಂಬ ಹುಟ್ಟುಕಾಯಿಲೆಗಳ ಗುಂಪಿದೆ. ಮೈಯೆಲ್ಲ ಮೀನಿನ ಹುರುಪೆಯಂತಾಗುವುದು ಅದರ ಗುರುತು. ಕೆಲವು ಕೂಸುಗಳು ಪ್ಲಾಸ್ಟಿಕ್ ಹಾಳೆ ಸುತ್ತಿದಂತಿರುವ, ಬಿಗಿದ, ಹೊಳೆಯುವ ಪೊರೆಯೊಳಗೆ ಹುಟ್ಟುತ್ತವೆ. ಕೆಲವು ವಾರಗಳಲ್ಲಿ ಪೊರೆ ಸುಲಿದುಹೋಗಿ ಒಳಗಿನ ಹುರುಪೆ ಕಾಣುತ್ತದೆ. ಇಂಥ ಕುಟುಂಬಗಳ ಜೀನ್‌ಗಳನ್ನು ಪರೀಕ್ಷಿಸುತ್ತ ಹೋದಂತೆ ದೋಷಗಳು ಮೇಲೆ ಹೇಳಿದ ಸಾಲಿನಲ್ಲೇ ಒಂದರ ಪಕ್ಕ ಒಂದು ಸಿಕ್ಕವು: ಸೆರಮೈಡ್ ಕಟ್ಟುವ ಕಿಣ್ವ, ಕೊಂಡಿ ಹಾಕುವ ಕಿಣ್ವ, ಪಿಎನ್‌ಪಿಎಲ್‌ಎ-1, ಎರಡೂ ಲಿಪಾಕ್ಸಿಜನೇಸ್‌ಗಳು. ಎಲ್ಲಕ್ಕಿಂತ ಕಠೋರವಾದ ಹಾರ್ಲೆಕ್ವಿನ್ ಇಕ್ಥಿಯೋಸಿಸ್‌ಗೆ ಕಾರಣ ಎಬಿಸಿಎ-12 ಎಂದು 2005ರಲ್ಲಿ ಗೊತ್ತಾಯಿತು. ಅಲ್ಲಿ ಕೊಬ್ಬು ಚೀಲಕ್ಕೇ ಸೇರುವುದಿಲ್ಲ. ದಪ್ಪ ಫಲಕಗಳಾಗಿ ಬಿರಿದ ಚರ್ಮದೊಂದಿಗೆ ಮಗು ಹುಟ್ಟುತ್ತದೆ. ಚನಾರಿನ್–ಡಾರ್ಫ್‌ಮನ್ ಎಂಬ ಇನ್ನೊಂದು ಕಾಯಿಲೆಯಲ್ಲಿ ಹುರುಪೆಯ ಜೊತೆ ಬಿಳಿ ರಕ್ತಕಣಗಳ ತುಂಬ ಎಣ್ಣೆಯ ಹನಿಗಳು ಕಾಣುತ್ತವೆ. ಅಲ್ಲಿ ಕೆಟ್ಟಿರುವುದು ಕೊಬ್ಬಿನ ಹನಿಯನ್ನು ಕರಗಿಸಲು ಬೇಕಾದ ಸಹಾಯಕ ಪ್ರೋಟೀನ್. ಪಿಎನ್‌ಪಿಎಲ್‌ಎ-1ನ್ನು ಹನಿಯ ಬಳಿಗೆ ಕರೆದೊಯ್ಯುವುದೂ ಅದೇ. ಇಲಿಗಳಲ್ಲಿ ಎಲೋವ್ಲ್-4 ಕಿಣ್ವವನ್ನು ಪೂರ್ತಿ ತೆಗೆದರೆ ಮರಿಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ನೀರು ಕಳೆದುಕೊಂಡು ಸಾಯುತ್ತವೆ.

ಇವುಗಳಲ್ಲಿ ಹೆಚ್ಚಿನವು ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಮಾತ್ರ ತೋರುವ ಕಾಯಿಲೆಗಳು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ದಕ್ಷಿಣದ ರೂಢಿಯಲ್ಲಿ ಇಂಥ ಎರಡು ಜೀನ್‌ಗಳು ಕೂಡುವ ಸಂಭವ ಹೆಚ್ಚು. ಕರಾವಳಿಯಲ್ಲಿ ಚರ್ಮದ ಕಾಯಿಲೆ ಎಂದೊಡನೆ ನಾಗದೋಷದ ಮಾತು ಬರುತ್ತದೆ. ಪೂಜೆ ಮಾಡಿಸುವವರ ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಮಾತು ಎಷ್ಟೋ ಸಲ ಹೋಗಿ ನಿಲ್ಲುವುದು ಬಾಣಂತಿಯ ತಲೆಯ ಮೇಲೆ. ಜೀನ್ ಮಾತ್ರ ಅರ್ಧಕ್ಕರ್ಧ ಗಂಡನ ಕಡೆಯಿಂದಲೂ ಬಂದದ್ದು.

ಇಲ್ಲಿಯವರೆಗೆ ಕೊಬ್ಬಿನಾಮ್ಲವನ್ನು ಕಟ್ಟಡದ ಸಾಮಗ್ರಿಯಾಗಿ ನೋಡಿದೆವು. ಅದಕ್ಕೆ ಇನ್ನೊಂದು ಕೆಲಸವೂ ಇದೆ. 1990ರಲ್ಲಿ ಐಸೆಮನ್ ಮತ್ತು ಗ್ರೀನ್ ಎಂಬ ಸಂಶೋಧಕರು ಇಲಿಯ ಯಕೃತ್ತಿನಲ್ಲಿ ಪಿಪಾರ್ ಎಂದು ಈಗ ಕರೆಯುವ ಪ್ರೋಟೀನನ್ನು ಗುರುತಿಸಿದರು. ಅದು ಕೋಶಕೇಂದ್ರದಲ್ಲಿದ್ದು ಕೆಲವು ಜೀನ್‌ಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಮೊದಲು ಕಂಡದ್ದು ಅದು ಕೆಲವು ಔಷಧಿಗಳಿಗೆ ಓಗೊಡುವುದು. ಅದರ ಸಹಜ ಸಂಗಾತಿಗಳು ಕೊಬ್ಬಿನಾಮ್ಲಗಳೇ ಎಂಬುದು ಆಮೇಲೆ ತಿಳಿಯಿತು. ಚರ್ಮದ ಕೋಶದಲ್ಲಿ ಪಿಪಾರ್‌ನ ಮೂರೂ ಬಗೆಗಳಿವೆ. ಲಿನೋಲಿಯಿಕ್ ಆಮ್ಲವೋ ಅದರಿಂದ ಹುಟ್ಟಿದ ಪದಾರ್ಥವೋ ಬಂದು ಕೂಡಿದಾಗ, ಕೋಶಕ್ಕೆ ಒಡೆಯುವುದನ್ನು ಬಿಟ್ಟು ಮಾಗುವ ಕಡೆ ಒತ್ತು ಬೀಳುತ್ತದೆ: ಕವಚದ ಪ್ರೋಟೀನ್‌ಗಳು ಹೆಚ್ಚುತ್ತವೆ, ಕೊಬ್ಬು ಕಟ್ಟುವ ಕಿಣ್ವಗಳೂ ಹೆಚ್ಚುತ್ತವೆ. ಇಲಿಯ ಭ್ರೂಣದ ಚರ್ಮವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಪಿಪಾರ್‌ಗೆ ಹೊಂದುವ ಪದಾರ್ಥ ಕೊಟ್ಟಾಗ ನೀರು ತಡೆಯುವ ಪದರ ಬೇಗ ಮೂಡಿತು. ಅಂದರೆ ಕೊಬ್ಬಿನಾಮ್ಲ ಬಂದು ಸೇರಿದೆ ಎಂಬುದೇ ‘ಸಾಮಾನು ಬಂತು, ಕೆಲಸ ಶುರುಮಾಡಿ’ ಎಂಬ ಸೂಚನೆ.

ಪಿಪಾರ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಆರ್‌ಎಕ್ಸ್‌ಆರ್ ಎಂಬ ಜೊತೆಗಾರನೊಂದಿಗೆ ಸೇರಿ ಡಿಎನ್‌ಎಯನ್ನು ಹಿಡಿಯುತ್ತದೆ. ವಿಟಮಿನ್ ಎಯಿಂದ ಹುಟ್ಟುವ ಪದಾರ್ಥಗಳಿಗೂ ಈ ಜೊತೆಗಾರ ಬೇಕು. ಈ ನಂಟು ಗೊತ್ತಾದಾಗ ನನಗೆ ಭಾರತದ ಒಂದು ಹಳೆಯ ಜಗಳ ನೆನಪಾಯಿತು. ಮಕ್ಕಳ ಮೊಣಕೈ, ಮೊಣಕಾಲಿನ ಮೇಲೆ ಕೂದಲ ಬುಡಕ್ಕೊಂದರಂತೆ ಮುಳ್ಳುಮುಳ್ಳಾಗಿ ಏಳುವ ಗಂಟುಗಳು, ಕೈಯಾಡಿಸಿದರೆ ತರಿತರಿ: ಇದಕ್ಕೆ ಫ್ರೈನೋಡರ್ಮ ಎಂದು ಹೆಸರು, ಕಪ್ಪೆಚರ್ಮ ಎಂಬ ಅರ್ಥದಲ್ಲಿ. 1930ರ ದಶಕದಲ್ಲಿ ಸಿಲೋನಿನ ಲೂಸಿಯಸ್ ನಿಕೋಲ್ಸ್ ಇದು ವಿಟಮಿನ್ ಎ ಕೊರತೆ ಎಂದರು. ಮುಂದೆ ನಮ್ಮ ವೈದ್ಯಸಂಶೋಧನೆಯ ದೊಡ್ಡ ಹೆಸರಾದ ವುಲಿಮಿರಿ ರಾಮಲಿಂಗಸ್ವಾಮಿ, ಹ್ಯೂ ಸಿಂಕ್ಲೇರ್ ಜೊತೆಗೂಡಿ ಇಲಿಗಳಲ್ಲಿ ವಿಟಮಿನ್ ಎ ಕೊರತೆ ಮತ್ತು ಅತ್ಯಗತ್ಯ ಕೊಬ್ಬಿನಾಮ್ಲದ ಕೊರತೆಯನ್ನು ಅಕ್ಕಪಕ್ಕದಲ್ಲಿಟ್ಟು ಪರಿಶೀಲಿಸಿ 1953ರಲ್ಲಿ ಪ್ರಬಂಧ ಬರೆದರು. ಕುಸುಬೆ ಎಣ್ಣೆ ಕೊಟ್ಟಾಗ ಮಕ್ಕಳಿಗೆ ಗುಣ ಕಂಡ ವರದಿಗಳೂ ಬಂದವು. ವಿಟಮಿನ್ ಎ, ಬಿ ಗುಂಪು, ಕೊಬ್ಬಿನಾಮ್ಲ, ಎಲ್ಲದಕ್ಕೂ ಒಬ್ಬೊಬ್ಬ ವಕೀಲರಿದ್ದರು. ಬಡ ಮಗುವಿನ ಊಟದಲ್ಲಿ ಒಂದೇ ಒಂದು ಪೋಷಕಾಂಶ ಕಡಿಮೆಯಾಗುವುದು ಅಪರೂಪ. ಎಲ್ಲವೂ ಒಟ್ಟಿಗೇ ಕಡಿಮೆಯಿರುವಾಗ ಒಂದನ್ನೇ ಅಪರಾಧಿ ಮಾಡುವ ಹಟ ಪ್ರಯೋಗಾಲಯದ್ದು, ಚರ್ಮದ್ದಲ್ಲ ಎನ್ನಿಸುತ್ತದೆ.

ಮುಖದ ಜಿಡ್ಡಿನ ಬಗ್ಗೆ ಒಂದು ಮಾತು, ಏಕೆಂದರೆ ಚರ್ಮದ ಕೊಬ್ಬು ಎಂದರೆ ಎಲ್ಲರಿಗೂ ಹೊಳೆಯುವುದು ಅದೇ. ಅದು ಮೇದೋಗ್ರಂಥಿಗಳಿಂದ ಬರುವ ಬೇರೆಯೇ ಸರಕು. ಅದರಲ್ಲಿರುವ ಸೇಪಿಯೆನಿಕ್ ಆಮ್ಲ ಹೇರಳವಾಗಿ ಕಾಣುವುದು ಮನುಷ್ಯನ ಚರ್ಮದಲ್ಲಿ ಮಾತ್ರ. ಮೈನೆರೆಯುವ ಮುಂಚಿನ ಮಕ್ಕಳಲ್ಲಿ ಈ ಜಿಡ್ಡು ತೀರಾ ಕಡಿಮೆ, ಆದರೂ ಅವರ ಚರ್ಮ ನೀರು ಸೋರುವುದಿಲ್ಲ. ಹೊಳೆಯುವ ಮುಖಕ್ಕೂ ಗಟ್ಟಿ ಗಾರೆಗೂ ನೇರ ಸಂಬಂಧ ಹುಡುಕಬೇಡಿ.

ಹಚ್ಚುವ ಎಣ್ಣೆಯದು ಇನ್ನೊಂದು ಲೆಕ್ಕ. ಕೂಸಿಗೆ ಎಣ್ಣೆ-ನೀರು ಹಾಕುವುದು ನಮ್ಮಲ್ಲಿ ಹಳೆಯ ಪದ್ಧತಿ. ಯಾವ ಎಣ್ಣೆ ಎಂಬುದನ್ನು ಊರು ನಿರ್ಧರಿಸುತ್ತದೆ. ತೆಂಗಿನೆಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಶೇಕಡ 2ರಷ್ಟು ಇದ್ದರೆ ಹೆಚ್ಚು. ಅರ್ಧದಷ್ಟು ಲಾರಿಕ್ ಆಮ್ಲವೇ. ಹರಳೆಣ್ಣೆಯ ಬಹುಪಾಲು ರಿಸಿನೋಲಿಯಿಕ್ ಆಮ್ಲ. ಎಳ್ಳೆಣ್ಣೆಯಲ್ಲಿ ಶೇಕಡ 40ರ ಸುಮಾರು, ಸಾಮಾನ್ಯ ಸೂರ್ಯಕಾಂತಿಯಲ್ಲಿ 60ರ ಸುಮಾರು, ಬಿಜಾಪುರ, ಕಲಬುರಗಿ ಕಡೆಯ ಗಾಣಗಳಲ್ಲಿ ಬರುವ ಕುಸುಬೆಯಲ್ಲಿ 75ರ ಸುಮಾರು ಲಿನೋಲಿಯಿಕ್ ಆಮ್ಲವಿರುತ್ತದೆ. ಹಾಗಂತ ಆರೋಗ್ಯವಾಗಿ, ಎದೆಹಾಲು ಕುಡಿದು ಬೆಳೆಯುವ ಕೂಸಿಗೆ ಅಜ್ಜಿ ಹಚ್ಚುವ ಕೊಬ್ಬರಿ ಎಣ್ಣೆಯನ್ನು ಬಿಡಿಸಬೇಕಿಲ್ಲ. ಅದರ ಲಿನೋಲಿಯಿಕ್ ಆಮ್ಲ ಹಾಲಿನಿಂದಲೇ ಬರುತ್ತದೆ, ಹಚ್ಚಿದ ಎಣ್ಣೆ ನೀರು ಆವಿಯಾಗುವುದನ್ನು ಒಂದಿಷ್ಟು ತಡೆಯುತ್ತದೆ, ಅಷ್ಟು ಸಾಕು.

ಅವಧಿಗೆ ಮುಂಚೆ ಹುಟ್ಟಿದ ಕೂಸಿನದು ಬೇರೆ ಸ್ಥಿತಿ. ಕೊಂಬುಪದರ ಗಟ್ಟಿಯಾಗುವುದು ಗರ್ಭದ ಕೊನೆಯ ತಿಂಗಳುಗಳಲ್ಲಿ. 28–30 ವಾರಕ್ಕೇ ಹುಟ್ಟಿದರೆ ಚರ್ಮ ತೆಳ್ಳಗೆ, ಹೊಳೆಯುತ್ತ, ನೀರು ಸೋರುತ್ತಿರುತ್ತದೆ. ಹೊರಗಿನ ರೋಗಾಣು ಒಳಗೆ ನುಗ್ಗಲೂ ಅದೇ ದಾರಿ. ಬಾಂಗ್ಲಾದೇಶದ ಢಾಕಾ ಶಿಶು ಆಸ್ಪತ್ರೆಯಲ್ಲಿ ಗ್ಯಾರಿ ಡಾರ್ಮ್‌ಸ್ಟಾಟ್ ಮತ್ತು ಸಂಗಡಿಗರು 33 ವಾರಕ್ಕಿಂತ ಮುಂಚೆ ಹುಟ್ಟಿದ ಕೂಸುಗಳ ಮೈಗೆ ಸೂರ್ಯಕಾಂತಿ ಎಣ್ಣೆ ಹಚ್ಚಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆಸ್ಪತ್ರೆಯಲ್ಲಿ ತಗಲುವ ಸೋಂಕು ಅವರಲ್ಲಿ ಶೇಕಡ 41ರಷ್ಟು ಕಡಿಮೆಯಾಗಿತ್ತು. ಸಾವುಗಳೂ ಕಡಿಮೆಯಾದದ್ದು 2008ರ ವರದಿಯಲ್ಲಿ ಬಂತು. ಆದರೆ ವ್ಯಾಸಲೀನ್ ಜಾತಿಯ, ಲಿನೋಲಿಯಿಕ್ ಆಮ್ಲವೇ ಇಲ್ಲದ ಮುಲಾಮು ಹಚ್ಚಿದ ಗುಂಪಿನಲ್ಲೂ ಸಾವು ಇಳಿದಿತ್ತು. ಹಾಗಾಗಿ ಉಪಕಾರದಲ್ಲಿ ಕೊಬ್ಬಿನಾಮ್ಲದ ಪಾಲೆಷ್ಟು, ಬರೀ ಮುಚ್ಚಿಟ್ಟ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಇದೇ ತಂಡ ಇಲಿಗಳ ಮೇಲೆ ನೋಡಿದಾಗ ಸಾಸಿವೆ ಎಣ್ಣೆ ಗಾರೆಯ ದುರಸ್ತಿಯನ್ನು ನಿಧಾನಗೊಳಿಸಿತ್ತು. ಬಂಗಾಳದ ಮನೆಗಳಲ್ಲಿ ಕೂಸಿಗೆ ಹಚ್ಚುವುದು ಹೆಚ್ಚಾಗಿ ಅದನ್ನೇ.

ಕಿಣ್ವವೇ ಇಲ್ಲದೆ ಹುಟ್ಟಿದವರಿಗೆ ಲಿನೋಲಿಯಿಕ್ ಆಮ್ಲ ಹಚ್ಚಿ ಪ್ರಯೋಜನವಿಲ್ಲ. ಸಿಕ್ಕಿಸುವ ಕೈಯೇ ಅಲ್ಲಿಲ್ಲ. ಅವರಿಗೆ ಸಿದ್ಧವಾದ ಸರಕನ್ನೇ ಕೊಟ್ಟರೆ? ಪಿಎನ್‌ಪಿಎಲ್‌ಎ-1 ಜೀನ್ ಇಲ್ಲದ ಇಲಿಗಳ ಮೇಲೆ ಇದನ್ನು ಪರೀಕ್ಷಿಸಿದ್ದಾರೆ. ಆರೋಗ್ಯವಂತ ಇಲಿಗಳ ಹೊರಚರ್ಮದಿಂದ ಕೊಬ್ಬನ್ನು ಬಸಿದು ತೆಗೆದು ರೋಗದ ಇಲಿಗಳ ಚರ್ಮಕ್ಕೆ ಸವರಿದಾಗ, ಕೋಶಗಳ ಮೈಮೇಲೆ ಬೆಸೆದುಕೊಳ್ಳುವ ಆ ಕೊಬ್ಬಿನ ಹೊದಿಕೆ ಮತ್ತೆ ಏಳತೊಡಗಿತು ಎಂದು 2017ರಲ್ಲಿ ವರದಿಯಾಯಿತು. ಆ ಇಲಿಗಳಲ್ಲಿ ಉಳಿದ ಕಿಣ್ವಗಳೆಲ್ಲ ಇದ್ದವು. ತಪ್ಪಿಹೋಗಿದ್ದ ಒಂದು ಹೆಜ್ಜೆಯ ಆಚೆಗಿನ ಸರಕು ಸಿಕ್ಕೊಡನೆ ಅವು ತಮ್ಮ ಕೆಲಸ ಮಾಡಿದವು. ಇದನ್ನು ಮನುಷ್ಯರ ಮುಲಾಮಾಗಿ ಮಾಡಲು ತೊಡಕುಗಳಿವೆ. ಇಷ್ಟುದ್ದ ಬಾಲದ ಅಣುವನ್ನು ಕಾರ್ಖಾನೆಯಲ್ಲಿ ಕಟ್ಟುವುದು ದುಬಾರಿ, ಅದು ಮೇಣದಂತೆ ಗಟ್ಟಿ, ಸುಲಭವಾಗಿ ಕರಗುವುದಿಲ್ಲ. ಅಂಗಡಿಯಲ್ಲಿ ‘ಸೆರಮೈಡ್ ಇದೆ’ ಎಂದು ಬರೆದು ಮಾರುವ ಬಹುತೇಕ ಕ್ರೀಮುಗಳಲ್ಲಿರುವುದು ಇದಕ್ಕಿಂತ ಗಿಡ್ಡ ಸರಪಳಿಯ, ಅಗ್ಗದ ಸೆರಮೈಡ್‌ಗಳು. ಒಣಚರ್ಮಕ್ಕೆ ಅವೂ ಹಿತವೇ; ಆದರೆ ಬಾಲದ ತುದಿಯಲ್ಲಿ ಲಿನೋಲಿಯಿಕ್ ಆಮ್ಲವಿಲ್ಲದ್ದರಿಂದ ಲಿಪಾಕ್ಸಿಜನೇಸ್‌ಗಳಿಗೆ ಅವುಗಳಲ್ಲಿ ಕೆಲಸವಿಲ್ಲ.